ಹೊಟ್ಟೆಪಾಡಿನ ಹೊಗೆ, ಶೋಕಿಯ ಹೊಗೆ

(ಹವಾಮಾನ ಬದಲಾವಣೆ ಮತ್ತು ನ್ಯಾಯದ ಪ್ರಶ್ನೆ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ, ಜಮಖಂಡಿ ತಾಲೂಕಿನ ಕೃಷ್ಣಾ ದಂಡೆಯ ಕಬ್ಬು ಬೆಳೆಗಾರರೊಬ್ಬರು ಹೀಗೆ ಬರೆದಿದ್ದಾರೆ: “ಹೊಲಕ್ಕ ಹೊಳಿ ನುಗ್ಗಿದಾಗ ತತ್ವಜ್ಞಾನಿ ಬಂದು ಏನ್ ಮಾಡ್ತಾನ್ರಿ? ಹೊಗಿ ಬಿಟ್ಟವರು ಅಮೆರಿಕಾದವರು, ಬುದ್ಧಿ ಹೇಳೂದು ನಮಗ. ನಾ ಪಂಪಸೆಟ್ ಬಂದ್ ಮಾಡಿದರ ಮಳಿ ಹದಕ್ಕ ಬರ್ತದೇನು? ನನ್ನ ಮಗಳು ಬೆಳಗಾವ್ಯಾಗ ಸಮಾಜಶಾಸ್ತ್ರ ಎಂ.ಎ. ಮಾಡಾಕತ್ತಾಳ. ಇದರಿಂದ ಊರಿಗೇನು ಉಪಯೋಗ ಅಂತ ಆಕೀನ್ನೂ ಕೇಳೀನಿ, ನಿಮ್ಮನ್ನೂ ಕೇಳ್ತೀನಿ.”)

ಮಾನ್ಯರೆ, ಶರಣು.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಇದುವರೆಗೆ ಕಲ್ಲಿದ್ದಲು, ಪೆಟ್ರೋಲಿನಂಥ ಇಂಧನ ಸುಟ್ಟು ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಪಾಲು ಅಮೆರಿಕ ಒಂದರದ್ದೇ. ಇವತ್ತಿಗೂ ಅಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್, ನಮ್ಮಲ್ಲಿ ಸುಮಾರು 2 ಟನ್. ಆದರೆ ಈ ಲೆಕ್ಕ ತಾನಾಗಿಯೇ ನ್ಯಾಯದ ಮಾತಾಗಲಿಲ್ಲ. ಯಾರೋ ಕೂತು ವಾದ ಕಟ್ಟಬೇಕಾಯಿತು. 1991ರಲ್ಲಿ ದಿಲ್ಲಿಯ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಅಮೆರಿಕದ ಸಂಸ್ಥೆಯೊಂದು ಹೊರಡಿಸಿದ್ದ ಅಂಕಿಅಂಶಗಳನ್ನು ಬಿಚ್ಚಿ ನೋಡಿದರು. ಬಡವರ ಭತ್ತದ ಗದ್ದೆಯಿಂದ, ದನಗಳಿಂದ ಬರುವ ಮೀಥೇನ್ ಅನಿಲವನ್ನೂ ಶ್ರೀಮಂತರ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಎಂದು ಬರೆದರು. 1993ರಲ್ಲಿ ಹೆನ್ರಿ ಶೂ ಎಂಬ ತತ್ವಜ್ಞಾನಿ, ಅವರೂ ಅಮೆರಿಕದವರೇ, ಬದುಕುಳಿಯಲು ಬಿಡಲೇಬೇಕಾದ ಹೊಗೆ ಬೇರೆ, ಭೋಗಕ್ಕೆ ಬಿಡುವ ಹೊಗೆ ಬೇರೆ ಎಂದು ಗೆರೆ ಎಳೆದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೊಟ್ಟೆಪಾಡಿನ ಹೊಗೆ, ಶೋಕಿಯ ಹೊಗೆ. ಮೊದಲನೆಯದನ್ನು ಕಡಿಮೆ ಮಾಡು ಎಂದು ಬಡವನಿಗೆ ಹೇಳುವ ಹಕ್ಕು, ಎರಡನೆಯದನ್ನು ಬಿಡಲೊಲ್ಲದವನಿಗಿಲ್ಲ.

ಇಂಥ ಮಾತು ಹೊಳೆಯನ್ನು ತಡೆಯುವುದಿಲ್ಲ, ನಿಜ. ಆದರೆ 1991ರಲ್ಲೇ ವನವಾಟು ಎಂಬ ಪುಟ್ಟ ದ್ವೀಪ ರಾಷ್ಟ್ರ, ಸಮುದ್ರ ಏರಿ ಹಾಳಾಗುವ ನಮ್ಮ ನೆಲಕ್ಕೆ ಹೊಗೆ ಬಿಟ್ಟ ದೇಶಗಳು ದುಡ್ಡು ಕಟ್ಟಬೇಕು ಎಂದು ಕೇಳಿತ್ತು. ಆಗ ಯಾರೂ ಕಿವಿಗೊಡಲಿಲ್ಲ. ನಷ್ಟ ಪರಿಹಾರದ ನಿಧಿಗೆ ಜಗತ್ತು ಒಪ್ಪಿದ್ದು 2022ರಲ್ಲಿ, ಈಜಿಪ್ಟಿನ ಹವಾಮಾನ ಸಮಾವೇಶದಲ್ಲಿ. ಅದೇ ವನವಾಟು ಪಟ್ಟು ಬಿಡದೆ ಓಡಾಡಿದ್ದರಿಂದ 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಹವಾಮಾನ ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಎಂದು ಅಭಿಪ್ರಾಯ ಕೊಟ್ಟಿತು. ನಿಧಿಗೆ ಬಂದ ದುಡ್ಡು ಆಗಿರುವ ನಷ್ಟದ ಮುಂದೆ ಏನೇನೂ ಸಾಲದು. ಆದರೂ ದಾನವೆಂದು ಬೇಡುವುದಕ್ಕೂ ಬಾಕಿಯೆಂದು ಕೇಳುವುದಕ್ಕೂ ಬಹಳ ಅಂತರವಿದೆ.

ಇನ್ನು ಪಂಪಸೆಟ್ಟು. ವಾಲ್ಟರ್ ಸಿನ್ನಟ್-ಆರ್ಮ್‌ಸ್ಟ್ರಾಂಗ್ ಎಂಬ ತತ್ವಜ್ಞಾನಿ 2005ರಲ್ಲಿ ನಿಮ್ಮದೇ ಪ್ರಶ್ನೆ ಕೇಳಿದ್ದರು. ರವಿವಾರ ಸುಮ್ಮನೆ ಮೋಜಿಗೆ ಕಾರು ಓಡಿಸಿದ ಒಬ್ಬನಿಂದ ಪ್ರವಾಹ ಬರುವುದಿಲ್ಲ, ಅವನೊಬ್ಬ ಬಿಟ್ಟರೆ ನಿಲ್ಲುವುದೂ ಇಲ್ಲ. ಅವನ ನಿಜವಾದ ಹೊಣೆ ಸರ್ಕಾರದಿಂದ ಕೆಲಸ ಮಾಡಿಸುವುದು ಎಂದರು. ಜಾನ್ ಬ್ರೂಮ್‌ರಂಥ ತತ್ವಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಸಣ್ಣದಾದರೂ ಹಾನಿ ಹಾನಿಯೇ ಎನ್ನುತ್ತಾರೆ. ನಾನು ನಿಮ್ಮ ಪಂಪನ್ನು ಹೊಟ್ಟೆಪಾಡಿಗೇ ಸೇರಿಸುತ್ತೇನೆ. ಕೂಡಗಿಯ 2,400 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಯ ಹೊಗೆಯ ಬಗ್ಗೆ ಅಷ್ಟು ಸುಲಭವಾಗಿ ಹೇಳಲಾರೆ. ಅಲ್ಲಿನ ಕರೆಂಟು ಪಂಪಿಗೂ ಹೋಗುತ್ತದೆ, ದೂರದ ಶಹರಗಳ ಮಾಲುಗಳ ಏಸಿಗೂ ಹೋಗುತ್ತದೆ. ಬೂದಿ ಮಾತ್ರ ವಿಜಯಪುರ ಜಿಲ್ಲೆಯವರ ಪಾಲಿಗೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯವನ್ನು ಈಗ ಎತ್ತಬೇಕಾಗಿದೆ. 2019ರ ಆಗಸ್ಟ್ ನೆನಪಿಸಿಕೊಳ್ಳಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆಗೇ ಉಕ್ಕಿದವು, ಪಟ್ಟದಕಲ್ಲಿನ ಗುಡಿಗಳಿಗೂ ನೀರು ನುಗ್ಗಿತು. ನೀರು ಇಳಿದ ಮೇಲೆ ಪಂಚನಾಮೆ. ಬಿದ್ದ ಗೋಡೆಯ ಮುಂದೆ ಮನೆಯವರು ಕಾಗದದ ಚೀಲ ಹಿಡಿದು ನಿಂತಿರುತ್ತಾರೆ. ತಲಾಠಿ ಕೇಳುವುದು ಉತಾರ (ಪಹಣಿ), ಆಧಾರ್, ಬ್ಯಾಂಕ್ ಪಾಸ್‌ಬುಕ್. ಕಬ್ಬು ಹೋಗಿದ್ದರೆ ಪರಿಹಾರ ಉತಾರದಲ್ಲಿ ಹೆಸರಿದ್ದವರಿಗೆ. ಲಾವಣಿ, ಅಂದರೆ ಗೇಣಿಗೆ, ಹಾಕಿಕೊಂಡು ಮಾಡಿದವನ ಹೆಸರು ಉತಾರದಲ್ಲಿ ಇರುವುದಿಲ್ಲ. ಬೀಜ, ಗೊಬ್ಬರದ ಸಾಲ ಅವನ ತಲೆಯ ಮೇಲೆಯೇ ಉಳಿಯುತ್ತದೆ. ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಗಳಿಗೆ ಹೊಲವೂ ಇಲ್ಲ, ಲಾವಣಿಯೂ ಇಲ್ಲ. ಮುಳುಗಿದ ಹೊಲದಲ್ಲಿ ಆ ಸುಗ್ಗಿಗೆ ಅವಳ ಕೂಲಿಯೂ ಮುಳುಗಿತು. ಅದನ್ನು ಎಕರೆಗಿಷ್ಟು ಎಂಬಂತೆ ಲೆಕ್ಕ ಹಿಡಿಯುವ ಪದ್ಧತಿಯೇ ನಮ್ಮಲ್ಲಿಲ್ಲ.

ಮುಂದೆಯೂ ಹೀಗೇ ಆಗುವ ಲಕ್ಷಣವಿದೆ. ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಮುಳುಗುವ ನೆಲಕ್ಕೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ದರ ನಿಗದಿ ಮಾಡಿದೆ: ನೀರಾವರಿ ಎಕರೆಗೆ 40 ಲಕ್ಷ, ಒಣಬೇಸಾಯದ ಎಕರೆಗೆ 30 ಲಕ್ಷ. ರೈತರು ಹೋರಾಡಿ ಪಡೆದ ದರವಿದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಎಕರೆಗಳ ಮೇಲೆ ದುಡಿದು ಉಂಡವರ ವರ್ಷದ ಕೂಲಿಗೆ ದರ ಯಾರು ಕಟ್ಟಿದರು? ಬಾಗಲಕೋಟೆಯವರು ಅರ್ಧ ಊರನ್ನೇ ಹಿನ್ನೀರಿಗೆ ಕೊಟ್ಟವರು. ಪೇಟೆ ಎತ್ತಿ ನವನಗರಕ್ಕೆ ಇಟ್ಟಾಗ ಅಂಗಡಿಯ ಮಾಲೀಕನಿಗೆ ಆದದ್ದೇನು, ಅದೇ ಅಂಗಡಿಯ ಹಮಾಲನಿಗೆ ಆದದ್ದೇನು ಎಂಬುದನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳಿ ನೋಡಿ.

ಹೊಣೆ ಎಲ್ಲರದ್ದು, ಆದರೆ ಎಲ್ಲರದ್ದೂ ಒಂದೇ ಸಮ ಅಲ್ಲ ಎಂಬುದು 1992ರ ವಿಶ್ವಸಂಸ್ಥೆ ಒಪ್ಪಂದದಲ್ಲೇ ಇದೆ. ಅಮೆರಿಕದ ಮುಂದೆ ಭಾರತ ಇದನ್ನೇ ಹಿಡಿದು ನಿಲ್ಲುತ್ತದೆ; ನೀವೂ ಪತ್ರದಲ್ಲಿ ಅದನ್ನೇ ಹಿಡಿದಿದ್ದೀರಿ. ಹಾಗಿದ್ದರೆ ಆ ಗ್ಯಾಂಗಿನ ಹೆಣ್ಣುಮಗಳು ನಿಮ್ಮ ಮುಂದೆ, ನನ್ನ ಮುಂದೆ, ಕಾರ್ಖಾನೆಯ ಮುಂದೆ ನಿಂತು ಅದೇ ಮಾತು ಹೇಳಿದರೆ ಅದನ್ನೂ ನಾವು ಒಪ್ಪಬೇಕಾಗುತ್ತದೆ. ಕಾಲುವೆಯ ನೀರು ಹೆಚ್ಚಾಗಿ ನೆಲ ಸವಳು-ಜವಳು ಆಗಿದ್ದರಲ್ಲಿ ಅವಳ ಕೈ ಏನೂ ಇಲ್ಲ. ನೆಲ ಕೆಟ್ಟು ಕೆಲಸ ಕಡಿಮೆಯಾದಾಗ ಮೊದಲು ಗಂಟು ಕಟ್ಟಿ ಗುಳೆ ಹೋಗುವವಳು ಅವಳೇ.

ನಿಮ್ಮ ಮಗಳ ಓದಿನ ಉಪಯೋಗ ಇಲ್ಲೇ ಇದೆ. ಅವರು ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ನಿಮ್ಮೂರನ್ನೇ ಹಿಡಿಯಲಿ. 2019 ಮತ್ತು 2021ರ ಮಹಾಪೂರದಲ್ಲಿ ಪರಿಹಾರ ಪಡೆದವರ ಪಟ್ಟಿಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು, ಅರ್ಜಿ ಶುಲ್ಕ 10 ರೂಪಾಯಿ. ಪಟ್ಟಿ ಹಿಡಿದು ಕೇರಿ ಕೇರಿ ತಿರುಗಿ, ಅದರಲ್ಲಿ ಇಲ್ಲದವರು ಯಾರು, ಎಷ್ಟು ದಿನದ ಕೂಲಿ ಹೋಯಿತು, ಆ ವರ್ಷ ಯಾರ ಮಕ್ಕಳು ಶಾಲೆ ಬಿಟ್ಟರು ಎಂದು ಬರೆದುಕೊಳ್ಳಲಿ. ಊರವರು ಬೆಳಗಾವಿಯಿಂದ ಬಂದ ಪರಕೀಯರಿಗೆ ಹೇಳದ್ದನ್ನು ನಿಮ್ಮ ಮಗಳಿಗೆ ಹೇಳುತ್ತಾರೆ. ಬರೆದದ್ದನ್ನು ಮೊದಲು ಗ್ರಾಮಸಭೆಯಲ್ಲಿ ಓದಲಿ, ಆಮೇಲೆ ನಮಗೆ ಕಳಿಸಲಿ. ಪುಟಗಳನ್ನು ಕಾದಿರಿಸುತ್ತೇನೆ.

— ಸಂಪಾದಕ