ರೇಟಿಂಗ್ ಇಲ್ಲದವರೆಲ್ಲ ಹೊಸಬರೇ?

ಗೋಣಿಕೊಪ್ಪಲಿನ ಓದುಗರೊಬ್ಬರು, ಹೆಸರು ಬೇಡವೆಂಬ ಕೋರಿಕೆಯೊಂದಿಗೆ, ಹೀಗೆ ಬರೆದಿದ್ದಾರೆ: "ಕಳೆದ ಮಳೆಗಾಲದಲ್ಲಿ ಚೆಸ್ ಕಲಿತ ಮಗಳನ್ನು ಮಡಿಕೇರಿಯ ಪಂದ್ಯಾವಳಿಯೊಂದರ ಹೊಸಬರ ವಿಭಾಗಕ್ಕೆ ಸೇರಿಸಿದ್ದೆ. ಅಲ್ಲಿ ಗೆದ್ದ ಹುಡುಗ ಮೂರು ವರ್ಷಗಳಿಂದ ತರಬೇತಿ ಪಡೆಯುತ್ತಿರುವವನು. ವಿಶ್ವ ಚೆಸ್ ಸಂಸ್ಥೆ ಫಿಡೆ ಆಟದ ಬಲಕ್ಕೆ ಕೊಡುವ ಅಂಕ, ಅಂದರೆ ರೇಟಿಂಗ್, ಇಲ್ಲವೆಂಬ ಕಾರಣಕ್ಕೆ ಅವನೂ ಹೊಸಬನಂತೆ! ಮೂರು ಸುತ್ತು ಸೋತ ಮಗಳನ್ನು ಮನೆಗೆ ಕರೆದುಕೊಂಡು ಬಂದೆ. ಇಂತಿಷ್ಟು ರೇಟಿಂಗ್, ಇಲ್ಲವೇ ಇಂತಿಷ್ಟು ವರ್ಷ ಎಂಬ ಸ್ಪಷ್ಟ ಮಿತಿ ಬೇಡವೇ? ಅವಳ ಜೊತೆ ಆಡಲೆಂದು ನಾನೂ ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ, ಯಾರಿಗೂ ಹೇಳಿಲ್ಲ."

ಮಾನ್ಯರೇ,

ಬಹುಮಾನ ಇಟ್ಟು ಪಂದ್ಯ ನಡೆಸುವವರಿಗೆ ಎಲ್ಲಾದರೊಂದು ಗೆರೆ ಬೇಕು, ಆ ಗೆರೆ ಎಳೆಯಲು ಸಂಖ್ಯೆಯಷ್ಟು ಅನುಕೂಲವಾದದ್ದು ಬೇರೆ ಇಲ್ಲ, ಇದನ್ನು ಒಪ್ಪೋಣ. ಆದರೆ ನೀವು ರೇಟಿಂಗಿನ ಮೇಲೆ ಇಟ್ಟಿರುವ ನಂಬಿಕೆಯನ್ನು ನಾವು ಇಡಲಾರೆವು. ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಪಾದ್ ಏಲೋ ರೂಪಿಸಿದ, ಫಿಡೆ 1970ರಲ್ಲಿ ಸ್ವೀಕರಿಸಿದ ಈ ಪದ್ಧತಿ ಆಟಗಾರರ ನಡುವಿನ ಅಂತರವನ್ನಷ್ಟೇ ಅಳೆಯುತ್ತದೆ. ರೇಟಿಂಗಿನಲ್ಲಿ 200 ಅಂಕ ಮುಂದಿರುವವನು, ಗೆಲುವಿಗೆ ಒಂದು, ಡ್ರಾಗೆ ಅರ್ಧ ಎಂಬ ಲೆಕ್ಕದಲ್ಲಿ, ನೂರು ಆಟಗಳಲ್ಲಿ ಸುಮಾರು 76 ಅಂಕ ಗಳಿಸಿಯಾನು ಎಂದು ಹೇಳುತ್ತದೆಯೇ ಹೊರತು, ಯಾರಿಗೆ ಏನು ತಿಳಿದಿದೆ ಎಂಬ ಗೊಡವೆಗೆ ಹೋಗುವುದಿಲ್ಲ. 2024ರ ಮಾರ್ಚ್ 1ರಂದು ಫಿಡೆ ತನ್ನ ರೇಟಿಂಗಿನ ತಳಮಿತಿಯನ್ನು 1000ದಿಂದ 1400ಕ್ಕೆ ಏರಿಸಿತು. 2000ಕ್ಕಿಂತ ಕೆಳಗಿದ್ದವರಿಗೆಲ್ಲ, 2000ಕ್ಕೆ ಎಷ್ಟು ಕಡಿಮೆಯಿತ್ತೋ ಅದರ ಶೇಕಡ 40ರಷ್ಟನ್ನು ಸೇರಿಸಿಕೊಟ್ಟಿತು. ಫೆಬ್ರವರಿ 29ರಂದು 1500 ಇದ್ದವನು ಮರುದಿನ 1700 ಆದ, ರಾತ್ರಿ ನಿದ್ದೆ ಮಾಡಿದ್ದನ್ನು ಬಿಟ್ಟು ಬೇರೇನನ್ನೂ ಅವನು ಮಾಡಿರಲಿಲ್ಲ. ಈಗ 1400ರ ಕೆಳಗೆ ರೇಟಿಂಗೇ ಇಲ್ಲವಾದ್ದರಿಂದ, ನಿನ್ನೆ ಕುದುರೆಯ ನಡೆ ಕಲಿತ ಮಗುವೂ ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಹುಡುಗನೂ ಒಂದೇ ಪಟ್ಟಿಯಲ್ಲಿ ಕುಳಿತಿರುತ್ತಾರೆ.

ವರ್ಷಗಳ ಲೆಕ್ಕವೂ ಇದಕ್ಕಿಂತ ಉತ್ತಮವೇನಲ್ಲ. ನಾಪೋಕ್ಲು ಕಡೆಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದ ಹಿರಿಯರೊಬ್ಬರನ್ನು ನಾವು ಬಲ್ಲೆವು. ತೋಟದ ಕೆಲಸ ನಿಲ್ಲುವಂತಹ ಮಳೆಯಲ್ಲಿ ಅಂಗಡಿಯ ಜಗಲಿಯ ಮೇಲೆ ಅವರ ಚದುರಂಗ ನಡೆಯುತ್ತಿತ್ತು. ತರಬೇತಿ ಪಡೆದು ಬಂದ ಹುಡುಗನೊಬ್ಬ ಎರಡು ಮನೆ ನೆಗೆದ ಅವರ ಕಾಲಾಳನ್ನು ಪಕ್ಕದಿಂದ ಬಂದು ಹೊಡೆದಾಗ, ಅಂತಹ ನಿಯಮವನ್ನೇ ಕೇಳಿರದ ಅವರು ಮೋಸವೆಂದು ಹಲಗೆ ಮುಚ್ಚಲು ಹೊರಟಿದ್ದರು. ಸಮಾಧಾನಪಡಿಸಿ ಮತ್ತೆ ಕೂರಿಸಿದ ಮೇಲೆ, ಹುಡುಗನ ಬಾಯಿಪಾಠದ ನಡೆಗಳು ಮುಗಿಯುವವರೆಗೆ ಕಾದು, ಆಮೇಲೆ ಅವನ ಆನೆಯನ್ನೂ ಒಂಟೆಯನ್ನೂ ಒಂದೊಂದಾಗಿ ಕಟ್ಟಿಹಾಕಿ ಗೆದ್ದರು. ನಿಯಮವೇ ಗೊತ್ತಿರದ ಅವರನ್ನು ಯಾವ ವಿಭಾಗಕ್ಕೆ ಸೇರಿಸೋಣ?

ಇದೇ ಪ್ರಶ್ನೆಯನ್ನು ಇಂಗ್ಲೆಂಡಿನವರು, ಅವಿಭಜಿತ ಪಂಜಾಬಿನಿಂದ ಬಂದ ಮೀರ್ ಸುಲ್ತಾನ್ ಖಾನರ ವಿಷಯದಲ್ಲಿ ಎದುರಿಸಿದ್ದರು. ಕಾಲಾಳು ಮೊದಲಿಗೂ ಒಂದೇ ಮನೆ ನಡೆಯುವ ನಾಡಪದ್ಧತಿಯಲ್ಲಿ ಬೆಳೆದು, ಪಾಶ್ಚಾತ್ಯ ನಿಯಮಗಳನ್ನು ತಡವಾಗಿ ಕಲಿತ ಆತ 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, 1932 ಮತ್ತು 1933ರಲ್ಲಿ ಮತ್ತೆ ಆದರು, ನಡುವೆ ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನೇ ಸೋಲಿಸಿದರು. ಆಟದ ಆರಂಭದ ನಡೆಗಳ ಪುಸ್ತಕಜ್ಞಾನದಲ್ಲಿ ಅವರು ಎದುರಾಳಿಗಳಿಗಿಂತ ಬಹಳ ಹಿಂದಿದ್ದರು. ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಅವರಿಗೆ ಸಿಕ್ಕಿದ್ದು 2024ರಲ್ಲಿ, ಅವರು ತೀರಿಕೊಂಡು ದಶಕಗಳಾದ ಮೇಲೆ.

ತಪ್ಪು ಮಾಡುವವನೇ ಹೊಸಬ ಎನ್ನುವವರಿದ್ದಾರೆ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟದಲ್ಲಿ ಡಿಂಗ್ ಲಿರೆನ್ ತಮ್ಮ 55ನೇ ನಡೆಯಲ್ಲಿ ಆನೆಗಳ ವಿನಿಮಯಕ್ಕೆ ದಾರಿ ಮಾಡಿಕೊಟ್ಟರು. ಅದರ ಹಿಂದೆಯೇ ಒಂಟೆಗಳೂ ಹೋಗಿ, ಉಳಿಯುವ ರಾಜ ಮತ್ತು ಕಾಲಾಳುಗಳ ಅಂತ್ಯದಾಟ ಸೋಲೆಂಬುದು ವಿಶ್ವ ಚಾಂಪಿಯನ್ನರಿಗೇ ಆ ಕ್ಷಣ ಹೊಳೆಯಲಿಲ್ಲ. ಎದುರಾಳಿ ಗುಕೇಶರಿಗೆ ಹೊಳೆಯಿತು. ಡಿಂಗ್ ಅವರನ್ನು ಹೊಸಬರೆನ್ನಲು ಯಾರಿಗೆ ಧೈರ್ಯವಿದೆ?

ನಮ್ಮ ಮಟ್ಟಿಗೆ ಹೊಸಬನ ಗುರುತು ಒಂದೇ. ಎದುರಾಳಿ ನಡೆಸಿದ ಮೇಲೆ, "ಇವನು ಇದನ್ನೇಕೆ ನಡೆಸಿದ?" ಎಂದು ಕೇಳಿಕೊಳ್ಳದೆ ತನ್ನ ಮಂತ್ರಿಯನ್ನು ಎತ್ತುವವನು ಹೊಸಬ, ಕೇಳಿಕೊಂಡು, ಉತ್ತರ ಸಿಗದೆ ಸೋತವನು ಆ ಹಂತವನ್ನು ದಾಟಿದವನು. ನಾಲ್ಕು ನಡೆಗಳಲ್ಲಿ ಚೆಕ್‌ಮೇಟ್ ಮಾಡುವ ಉಪಾಯವೊಂದನ್ನೇ ನೆಚ್ಚಿಕೊಂಡು ಶಾಲೆಯ ಕಪ್ಪು ಗೆದ್ದ ಹುಡುಗರನ್ನು ಕಂಡಿದ್ದೇವೆ, ಅವರು ಇನ್ನೂ ಶುರುವೇ ಮಾಡಿಲ್ಲ.

ಇದನ್ನು ಯಾವ ಫಾರಂ ಕೂಡ ಕೇಳುವುದಿಲ್ಲ. ಕೇಳುವುದು ಶುಲ್ಕವನ್ನು. ಬಿಗಿನರ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್ ಎಂದು ಮೆಟ್ಟಿಲು ಕಟ್ಟಿ, ಮೆಟ್ಟಿಲಿಗೊಂದು ಪ್ರಮಾಣಪತ್ರ ಮಾರುವ ವ್ಯವಹಾರದಲ್ಲಿ ಕಲಿಯುವವನಿಗೆ ನೆಮ್ಮದಿಯಿಂದ ಸೋಲಲು ಜಾಗವೇ ಉಳಿದಿಲ್ಲ. ನಮ್ಮದೇ ಜಿಲ್ಲೆ 1997ರಲ್ಲಿ ಕರಡದಲ್ಲಿ ಕೌಟುಂಬಿಕ ಹಾಕಿ ಆರಂಭಿಸಿದಾಗ ಒಕ್ಕದ, ಅಂದರೆ ಕೊಡವ ಮನೆತನದ, ಹೆಸರು ಕೇಳಿತ್ತೇ ಹೊರತು ಆಡುವವನ ದರ್ಜೆಯನ್ನು ಕೇಳಿರಲಿಲ್ಲ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯಬಹುದು. ಅದೇ ಕೊಡಗಿನಲ್ಲಿ ನಡುವಯಸ್ಸಿನವರೊಬ್ಬರು ಚೆಸ್ ಕಲಿಯುವುದನ್ನು ಗುಟ್ಟಾಗಿಡುತ್ತಾರೆಂದರೆ ಸಂಕೋಚ ಎಲ್ಲಿಂದ ಬಂತೆಂದು ಯೋಚಿಸಬೇಕು.

ಇನ್ನು ನಿಮ್ಮ ಮೇಲೆ ನಮ್ಮದೊಂದು ದೂರು. ಸಾಮಾನ್ಯವಾಗಿ ಇಂತಹ ಪಂದ್ಯಾವಳಿಗಳು ಸ್ವಿಸ್ ಪದ್ಧತಿಯಲ್ಲಿ ನಡೆಯುತ್ತವೆ. ಸಮಾನ ಅಂಕ ಇರುವವರನ್ನೇ ಎದುರುಬದುರು ಕೂರಿಸುತ್ತಾರೆ. ಮೂರು ಸುತ್ತು ಸೋತ ಮಗುವಿಗೆ ನಾಲ್ಕನೆಯದರಲ್ಲಿ ತನ್ನಂತೆಯೇ ಸೋತ ಮತ್ತೊಂದು ಮಗು ಸಿಗುತ್ತಿತ್ತು. ಸರಿಸಮಾನರ ಆಟ ಶುರುವಾಗುವ ಹೊತ್ತಿಗೆ ನೀವು ಅವಳನ್ನು ಎಬ್ಬಿಸಿಕೊಂಡು ಹೊರಟಿರಿ! ಸಂಘಟಕರಿಗೆ ನಮ್ಮ ಸಲಹೆ, ಹಿಂದೆ ಎಲ್ಲಿಯಾದರೂ ಬಹುಮಾನ ಪಡೆದವರನ್ನು ಈ ವಿಭಾಗಕ್ಕೆ ಸೇರಿಸಬೇಡಿ. ಇದಕ್ಕೆ ರೇಟಿಂಗ್ ಬೇಕಿಲ್ಲ. ನಿಮಗೆ ನಮ್ಮ ಸಲಹೆ, ಮುಂದಿನ ಬಾರಿ ಕೊನೆಯ ಸುತ್ತಿನವರೆಗೆ ಇರಿ, ಫಾರಂನಲ್ಲಿ ಮಗಳ ಹೆಸರಿನ ಕೆಳಗೆ ನಿಮ್ಮ ಹೆಸರನ್ನೂ ಬರೆಸಿ. ವಯಸ್ಸಿನ ಕಾರಣ ಹೇಳಿ ಯಾರಾದರೂ ಬೇಡವೆಂದರೆ ನಮಗೆ ಬರೆಯಿರಿ, ಆ ಪತ್ರವನ್ನೂ ಪ್ರಕಟಿಸುತ್ತೇವೆ.

– ಸಂಪಾದಕ