ಮನೆ ಇಷ್ಟವಾಯ್ತು, ಆದರೆ ರಸ್ತೆ ಯಾರದ್ದು?

ಪ್ರಶ್ನೆ: ನಾವು ಗಂಡ, ಹೆಂಡತಿ, ಮೂರೂವರೆ ವರ್ಷದ ಮಗಳು. ಆರು ವರ್ಷದಿಂದ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಬಾಡಿಗೆಗೆ ಇದ್ದೇವೆ. ಈಗ ಹದಿನಾಲ್ಕು ಮನೆಗಳ ಒಂದು ಪುಟ್ಟ ಕ್ಲೋಸ್‌ನಲ್ಲಿ (ಒಂದೇ ಕಡೆ ದಾರಿ ಇರುವ ಪುಟ್ಟ ರಸ್ತೆಯಲ್ಲಿ) ಮೂರು ಬೆಡ್‌ರೂಮಿನ ಸೆಮಿ ಡಿಟ್ಯಾಚ್ಡ್ ಮನೆ (ಒಂದು ಬದಿಯ ಗೋಡೆ ಪಕ್ಕದ ಮನೆಗೂ ಸೇರಿದ್ದು) ನೋಡಿದ್ದೇವೆ. ಫ್ರೀಹೋಲ್ಡ್. ಆದರೂ ವರ್ಷಕ್ಕೆ 310 ಪೌಂಡ್ ‘ಎಸ್ಟೇಟ್ ಚಾರ್ಜ್’ ಇದೆ. ಏಜೆಂಟ್ ‘ಅದೇನು ದೊಡ್ಡದಲ್ಲ’ ಅನ್ನುತ್ತಾರೆ. ಆಫರ್ ಕೊಡಬಹುದಾ? ಅಷ್ಟು ಚಿಕ್ಕ ಜಾಗದಲ್ಲಿ ನಮ್ಮನ್ನು ಸೇರಿಸಿಕೊಳ್ಳುತ್ತಾರಾ ಅನ್ನೋ ಅಳುಕೂ ಇದೆ, ಮೇಡಂ.
– ಓದುಗರೊಬ್ಬರು, ರೆಡಿಂಗ್

ಉತ್ತರ: ಆಫರ್ ಕೊಡಿ. ಇಂಗ್ಲೆಂಡಿನಲ್ಲಿ ಆಫರ್ ಒಪ್ಪಿಕೊಂಡ ಮಾತ್ರಕ್ಕೆ ವ್ಯವಹಾರ ಕುದುರಿದಂತೆ ಅಲ್ಲ. ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ ಆಗುವ ತನಕ, ಅಂದರೆ ಎರಡೂ ಕಡೆಯ ಸಹಿ ಇರುವ ಕರಾರು ಕೈ ಬದಲಾಗುವ ತನಕ, ನೀವೂ ಹಿಂದೆ ಸರಿಯಬಹುದು, ಅವರೂ ಸರಿಯಬಹುದು. ಸರ್ವೆಗೆ (ಮನೆಯ ಸ್ಥಿತಿಯ ತಪಾಸಣೆಗೆ), ಸಾಲಿಸಿಟರ್‌ಗೆ (ಕಾಗದಪತ್ರ ನೋಡುವ ವಕೀಲರಿಗೆ) ಅಷ್ಟರಲ್ಲಿ ಖರ್ಚಾದ ದುಡ್ಡು ಮಾತ್ರ ವಾಪಸ್ ಬರೋದಿಲ್ಲ. ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ ಶೇ. 10ರಷ್ಟು ಡೆಪಾಸಿಟ್ ಕಟ್ಟುತ್ತೀರಿ. ಆಮೇಲೆ ಬೇಡ ಅಂದರೆ ಅದು ಹೋದಂತೆಯೇ. ಹಾಗಾಗಿ ಕೇಳಬೇಕಾದ್ದನ್ನೆಲ್ಲ ಅದಕ್ಕೆ ಮೊದಲೇ ಕೇಳಿ ಮುಗಿಸಿ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಅಡುಗೆಮನೆ, ಬಾಯ್ಲರ್ ಬಗ್ಗೆ ಅಲ್ಲ. ಮನೆ ಮುಂದಿನ ರಸ್ತೆ ಯಾರದ್ದು ಅಂತ ಕೇಳಿ.

ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. 2011ರಲ್ಲಿ ನಾವು ಹನ್ನೊಂದು ಮನೆಗಳ ಇಂಥದ್ದೇ ಒಂದು ಕ್ಲೋಸ್‌ನಲ್ಲಿ ಮನೆ ಕೊಂಡೆವು. ಆ ಡಿಸೆಂಬರ್‌ನಲ್ಲಿ ನಮ್ಮ ಬಾಗಿಲ ಎದುರಿನ ದೀಪ ಕೆಟ್ಟಿತು. ನಾಲ್ಕು ಗಂಟೆಗೆಲ್ಲ ಕತ್ತಲು. ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಇನ್ನೊಂದರಲ್ಲಿ ಮಗುವಿನ ತಳ್ಳುಗಾಡಿ ತಳ್ಳಿಕೊಂಡು ಬರುತ್ತಿದ್ದೆ. ಅದರ ಮುಂದಿನ ಚಕ್ರ ದಿನಾ ಒಂದೇ ಗುಂಡಿಗೆ ಇಳಿಯುತ್ತಿತ್ತು. ಕೌನ್ಸಿಲ್‌ಗೆ (ಅಲ್ಲಿನ ಸ್ಥಳೀಯ ಆಡಳಿತಕ್ಕೆ) ಫೋನ್ ಮಾಡಿದರೆ, ಆ ಕಡೆಯವರು ಪಾಪ ಮೆತ್ತಗೆ ಹೇಳಿದರು: ‘ಆ ಕಂಬ ನಮ್ಮದಲ್ಲ, ಆ ರಸ್ತೆಯೂ ನಮ್ಮದಲ್ಲ.’ ಬಿಲ್ಡರ್ ರಸ್ತೆಯನ್ನು ಕೌನ್ಸಿಲ್‌ಗೆ ಒಪ್ಪಿಸಿಯೇ ಇರಲಿಲ್ಲ. ಕಂಬ, ಟಾರು, ಮಳೆನೀರಿನ ಪೈಪು, ಎಲ್ಲ ಹನ್ನೊಂದು ಮನೆಯವರ ತಲೆ ಮೇಲೆ. ಮರುವರ್ಷ ರಿಪೇರಿಗೆ ಅಂತ ಮನೆಗೆ 740 ಪೌಂಡ್ ಬಿಲ್ ಬಂತು. ನಮ್ಮ ಸಾಲಿಸಿಟರ್ ಕಳಿಸಿದ್ದ ಕಾಗದಗಳಲ್ಲಿ ಇದೆಲ್ಲ ಒಂದೇ ಸಾಲಿನಲ್ಲಿ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ನಿಮ್ಮ 310 ಪೌಂಡ್ ಅಂಥದ್ದೇ ಇರಬಹುದು. ಫ್ರೀಹೋಲ್ಡ್ ಅಂದರೆ ಮನೆ, ಅದರ ಕೆಳಗಿನ ನೆಲ ನಿಮ್ಮದು. ಎದುರಿನ ಹುಲ್ಲುಹಾಸು, ರಸ್ತೆ ಒಂದು ಮ್ಯಾನೇಜ್‌ಮೆಂಟ್ ಕಂಪನಿಯ ಕೈಯಲ್ಲಿ ಇರಬಹುದು; ಅವನ್ನು ನೋಡಿಕೊಳ್ಳುವ ಖರ್ಚನ್ನೇ ‘ಎಸ್ಟೇಟ್ ಚಾರ್ಜ್’ ಅಂತ ಮನೆಯವರಿಂದ ವಸೂಲು ಮಾಡೋದು. ಕೌನ್ಸಿಲ್ ನಿರ್ವಹಿಸುವ ರಸ್ತೆಗಳ ಪಟ್ಟಿಯನ್ನು ಯಾರು ಬೇಕಾದರೂ ಕೇಳಿ ನೋಡಬಹುದು. ಅದರಲ್ಲಿ ನಿಮ್ಮ ಕ್ಲೋಸ್ ಇದೆಯಾ ನೋಡಿ. ಇಲ್ಲದಿದ್ದರೆ, 1980ರ ಹೈವೇಸ್ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ರಸ್ತೆ ಒಪ್ಪಿಸುವ ಕರಾರು ಆಗಿದೆಯಾ ಅಂತ ಸಾಲಿಸಿಟರ್‌ಗೆ ಬರಹದಲ್ಲಿ ಕೇಳಿ. ಹಿಂದಿನ ಮೂರು ವರ್ಷದ ಬಿಲ್‌ಗಳನ್ನೂ ತರಿಸಿಕೊಳ್ಳಿ. ಈಗಿನ 310 ಮುಖ್ಯ ಅಲ್ಲ. ಅದು ಎಷ್ಟರಿಂದ ಎಷ್ಟಕ್ಕೆ ಏರಿದೆ, ಏರಿಸೋಕೆ ಮಿತಿ ಇದೆಯಾ ಅನ್ನೋದು ಮುಖ್ಯ.

ಕಾಗದಗಳಲ್ಲಿ ಇನ್ನೊಂದು ಪದ ಹುಡುಕಿಸಿ: ‘ರೆಂಟ್‌ಚಾರ್ಜ್’, ಅಂದರೆ ಆಸ್ತಿಗೇ ಅಂಟಿಕೊಂಡು ಬರುವ ಪಾವತಿಯ ಹೊಣೆ. ಎಸ್ಟೇಟ್ ಚಾರ್ಜನ್ನು ಆ ರೂಪದಲ್ಲಿ ಬರೆದಿದ್ದರೆ ಎಚ್ಚರ ಬೇಕು. 1925ರ ಆಸ್ತಿ ಕಾಯ್ದೆಯ ಪ್ರಕಾರ ಆ ಹಣ 40 ದಿನ ಬಾಕಿ ಉಳಿದರೆ, ಅದರ ಹಕ್ಕುದಾರರು ನಿಮ್ಮ ಮನೆಯ ಮೇಲೆ ಲೀಸ್ ಬರೆಸಿಕೊಳ್ಳುವ ತನಕ ಹೋಗಬಹುದು. ಸಾಲ ಕೊಡುವವರು ಹಿಂಜರಿಯುವುದೂ ಇದಕ್ಕೇ. ಆ ಅಧಿಕಾರವನ್ನು ಕೈಬಿಡುವ ಪತ್ರವನ್ನು ಮಾರುವವರು ಆ ಹಕ್ಕುದಾರರಿಂದ ಬರೆಸಿಕೊಡಲಿ. ಆಗದಿದ್ದರೆ, ಮನೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ ಅಂತಲೇ ನಾನು ಹೇಳೋದು.

ಸರ್ವೆ ಮಾಡಿಸುವುದನ್ನು ತಪ್ಪಿಸಬೇಡಿ. ಹಳೇ ಮನೆಯಾದರೆ ಲೆವೆಲ್ 3 ಸರ್ವೆಯೇ, ಅಂದರೆ ಅತಿ ವಿವರವಾದ ತಪಾಸಣೆಯೇ ಇರಲಿ. ಬ್ಯಾಂಕ್ ಮಾಡಿಸುವ ವ್ಯಾಲ್ಯುಯೇಷನ್ ಅವರ ಸಾಲದ ರಕ್ಷಣೆಗೆ, ನಿಮಗಲ್ಲ. ಮಗಳ ಶಾಲೆ ಲೆಕ್ಕದಲ್ಲಿದ್ದರೆ ಜನವರಿ 15 ನೆನಪಿರಲಿ, ಪ್ರೈಮರಿ ಅರ್ಜಿಗೆ ಅದೇ ಕೊನೆ ದಿನ. ಆ ಹೊತ್ತಿಗೆ ಯಾವ ವಿಳಾಸ ಲೆಕ್ಕಕ್ಕೆ ಬರುತ್ತೆ ಅಂತ ಕೌನ್ಸಿಲ್‌ನಲ್ಲೇ ಕೇಳಿ.

ಈಗ ನಿಮ್ಮ ಅಳುಕಿನ ಮಾತು. ನಮ್ಮ ಕ್ಲೋಸ್ ಒಳಗೆ ಕಸದ ಲಾರಿ ಬರುತ್ತಿರಲಿಲ್ಲ. ಬುಧವಾರ ರಾತ್ರಿ ಎಲ್ಲರೂ ಬಿನ್ ಉರುಳಿಸಿಕೊಂಡು ಹೋಗಿ ರಸ್ತೆಯ ಬಾಯಿಯಲ್ಲಿ ಇಡಬೇಕು. ಆ ಮೊದಲ ಚಳಿಗಾಲ ನಮ್ಮ ಯಜಮಾನರು ಕೆಲಸದ ಮೇಲೆ ಬೇರೆ ಊರಲ್ಲಿದ್ದರು. ಮಗುವಿಗೆ ಜ್ವರ. ಬಿನ್ ವಿಷಯ ನನಗೆ ಮರೆತೇ ಹೋಗಿತ್ತು. ಬೆಳಗ್ಗೆ ಆರಕ್ಕೆ ಹಿಮಗಟ್ಟಿದ ಟಾರಿನ ಮೇಲೆ ಚಕ್ರದ ಗಡಗಡ ಸದ್ದು. ಪರದೆ ಸರಿಸಿ ನೋಡಿದರೆ, ಮೂರನೇ ನಂಬರಿನ ಮನೆಯ ಅಜ್ಜ ಕೋಟಿನ ಕೆಳಗೆ ಪೈಜಾಮದಲ್ಲೇ ನಮ್ಮ ಬಿನ್ ಎಳೆದುಕೊಂಡು ಹೋಗುತ್ತಿದ್ದರು. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಬರೀ ‘ಹಲೋ’ ಇತ್ತು. ಕ್ರಿಸ್‌ಮಸ್‌ಗೆ ಅವರ ಬಾಗಿಲ ಸಂದಿನಲ್ಲಿ ಒಂದು ಕಾರ್ಡ್ ಹಾಕಿದೆ. ಮರುದಿನ ಅವರ ಕಡೆಯಿಂದಲೂ ಒಂದು ಕಾರ್ಡ್ ಬಂತು. ಅದರ ಹಿಂದೆ ಹನ್ನೊಂದೂ ಮನೆಯವರ ಹೆಸರು, ಫೋನ್ ನಂಬರು, ನಾಯಿಗಳ ಹೆಸರು ಕೂಡ, ನಡುಗುವ ಕೈಬರಹದಲ್ಲಿ.

ಎಲ್ಲ ಕಡೆ ಹೀಗೇ ಇರುತ್ತೆ ಅಂತ ಮಾತು ಕೊಡಲಾರೆ. ಅದಕ್ಕೇ ಹೇಳ್ತೀನಿ, ಏಜೆಂಟ್ ಇಲ್ಲದೆ ಮೂರು ಸಲ ಹೋಗಿ ಬನ್ನಿ. ಕಸದ ದಿನ ಬೆಳಗ್ಗೆ, ಶುಕ್ರವಾರ ರಾತ್ರಿ, ಒಮ್ಮೆ ಜೋರು ಮಳೆಯಲ್ಲಿ. ಗೋಡೆ ಹಂಚಿಕೊಳ್ಳುವ ಪಕ್ಕದ ಮನೆಯ ಬಾಗಿಲು ತಟ್ಟಿ, ‘ಈ ಮನೆ ಕೊಳ್ಳೋ ಯೋಚನೆಯಲ್ಲಿದ್ದೇವೆ’ ಅನ್ನಿ. ಅವರು ಬಾಗಿಲಲ್ಲಿ ನಿಂತು ಎಷ್ಟು ಹೊತ್ತು ಮಾತಾಡುತ್ತಾರೆ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಮಾರುವವರು ತುಂಬುವ ಟಿಎ6 ಫಾರಂನಲ್ಲಿ ನೆರೆಹೊರೆಯ ಜಗಳದ ಬಗ್ಗೆಯೂ ಪ್ರಶ್ನೆ ಇರುತ್ತೆ. ಅದನ್ನು ನೀವೇ ಓದಿ, ಸಾಲಿಸಿಟರ್ ಓದಿದ್ದಾರೆ ಅಂತ ಸುಮ್ನೆ ಇರಬೇಡಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಇದು ನಮ್ಮ ಮೊದಲ ಮನೆ. 3,50,000 ಪೌಂಡ್. ಇಬ್ಬರ ಹೆಸರಲ್ಲೂ ಕೊಳ್ಳುತ್ತಿದ್ದೇವೆ. ಭಾರತದಲ್ಲಿ ನನ್ನ ಗಂಡನ ಹೆಸರಲ್ಲಿ ಒಂದು ಫ್ಲ್ಯಾಟ್ ಇದೆ. ಸ್ಟ್ಯಾಂಪ್ ಡ್ಯೂಟಿಗೆ ಅದೂ ಲೆಕ್ಕವಾ?
– ಓದುಗರೊಬ್ಬರು, ಲೆಸ್ಟರ್

ಉತ್ತರ: ಲೆಕ್ಕ, ಅಮ್ಮಾ. ಪ್ರಪಂಚದ ಯಾವ ಮೂಲೆಯಲ್ಲಿ ಮನೆ ಇದ್ದರೂ ಲೆಕ್ಕ. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ, ಇಬ್ಬರೂ ಮೊದಲ ಸಲ ಕೊಳ್ಳುವವರಾಗಿದ್ದರೆ 2,500 ಪೌಂಡ್ ಸಾಕಿತ್ತು. ಆ ಫ್ಲ್ಯಾಟಿನ ಬೆಲೆ 40,000 ಪೌಂಡ್ ಅಥವಾ ಜಾಸ್ತಿ ಇದ್ದರೆ, ಎರಡನೇ ಮನೆ ಅಂತ ಶೇ. 5 ಹೆಚ್ಚುವರಿ ಸೇರಿ 25,000 ಪೌಂಡ್ ಆಗುತ್ತೆ. ಮನೆ ನಿಮ್ಮೊಬ್ಬರ ಹೆಸರಲ್ಲಿ ಮಾಡಿದರೂ ತಪ್ಪೋದಿಲ್ಲ, ಜೊತೆಯಲ್ಲಿರುವ ಗಂಡ ಹೆಂಡತಿಯನ್ನು ಒಟ್ಟಿಗೇ ನೋಡುತ್ತಾರೆ. ಫ್ಲ್ಯಾಟ್ ಮಾರಿದ ಮೇಲೆ ಇಬ್ಬರೂ ಸೇರಿ ಕೊಂಡರೆ 7,500; ಗಂಡ ಆಗಲೂ ಮೊದಲ ಸಲ ಕೊಳ್ಳುವವರಲ್ಲ, ಹಾಗಾಗಿ ಆ 2,500ರ ಲೆಕ್ಕ ಸಿಗೋದಿಲ್ಲ. ಮಾರುವ ಮನಸ್ಸಿದ್ದರೆ, ಇಲ್ಲಿ ಕಂಪ್ಲೀಷನ್ ಆಗುವ (ಪೂರ್ತಿ ಹಣ ಸಂದು ಮನೆ ನಿಮ್ಮದಾಗುವ) ಮೊದಲೇ ಆ ಮಾರಾಟ ಮುಗಿದಿರಲಿ. ಕಂಪ್ಲೀಷನ್ ಆದ 14 ದಿನದೊಳಗೆ ರಿಟರ್ನ್ ಕೊಟ್ಟು ತೆರಿಗೆ ಕಟ್ಟಬೇಕು. ಸಾಲಿಸಿಟರ್ ಕೇಳಲಿ ಬಿಡಲಿ, ಫ್ಲ್ಯಾಟ್ ವಿಷಯವನ್ನು ಮೊದಲ ದಿನವೇ ಹೇಳಿಬಿಡಿ.