ಓದುಗರ ಪ್ರಶ್ನೆ: ಸಲಹಾ ಪೆಟ್ಟಿಗೆ ಖಾಲಿ ಏಕೆ?

ಪ್ರಶ್ನೆ: ಮಂಡ್ಯ ಹತ್ತಿರದ ಗಾರ್ಮೆಂಟ್ಸ್ ಒಂದರಲ್ಲಿ ಎಚ್‌ಆರ್ ಕೆಲಸ ನನ್ನದು. 120 ಕಾರ್ಮಿಕರಿದ್ದಾರೆ, ಹೆಚ್ಚಿನವರು ಹೆಂಗಸರು. ಆಫೀಸ್ ಬಾಗಿಲ ಪಕ್ಕ ಸಲಹಾ ಪೆಟ್ಟಿಗೆ ಇಟ್ಟು ಆರು ತಿಂಗಳಾಯಿತು, ಬಂದದ್ದು ಮೂರೇ ಚೀಟಿ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪೋಲ್ ಹಾಕಿದರೆ ಎಲ್ಲರೂ ‘ಚೆನ್ನಾಗಿದೆ’ ಅಂತಲೇ ಒತ್ತುತ್ತಾರೆ. ಏನು ಮಾಡಲಿ?

ಉತ್ತರ: ಆ ಮೂರು ಚೀಟಿಗೆ ಏನು ಉತ್ತರ ಕೊಟ್ಟಿರಿ? ನಿಮ್ಮ ಪತ್ರದಲ್ಲಿ ಅದಿಲ್ಲ. ಬಹುಶಃ ರೋಗ ಅಲ್ಲೇ ಇದೆ. ಚೀಟಿ ತೆರೆದ ಹತ್ತು ದಿನದೊಳಗೆ ಊಟದ ಹಾಲ್‌ನ ಬೋರ್ಡಿನಲ್ಲಿ ಏನು ಕೇಳಿದರು, ಏನು ಮಾಡಿದಿರಿ ಎಂದು ಬರೆಯಿರಿ. ಆಗದ್ದಕ್ಕೆ ಆಗದು ಎಂದೇ ಬರೆಯಿರಿ, ಕಾರಣ ಸಮೇತ.

ಇನ್ನು ಪೆಟ್ಟಿಗೆ. ಆಫೀಸಿನವರ ಕಣ್ಣೆದುರು ಚೀಟಿ ಹಾಕುವ ಧೈರ್ಯ ಯಾರಿಗಿದೆ? ಕೈ ತೊಳೆಯುವ ನಲ್ಲಿಗಳ ಹತ್ತಿರ, ಕ್ಯಾಮೆರಾ ಇಲ್ಲದ ಕಡೆ ಇಡಿ. ಎರಡು ಬೀಗ ಇರಲಿ: ಒಂದರ ಕೀ ನಿಮ್ಮ ಬಳಿ, ಇನ್ನೊಂದು ಕುಂದುಕೊರತೆ ನಿವಾರಣಾ ಸಮಿತಿಯ ಕಾರ್ಮಿಕ ಸದಸ್ಯೆಯ ಬಳಿ. (20 ಕಾರ್ಮಿಕರಿದ್ದರೂ ಈ ಸಮಿತಿ ಕಡ್ಡಾಯ.) ಕೈಬರಹ ನೋಡಿಯೇ ಸೂಪರ್‌ವೈಸರ್ ಹೆಸರು ಹೇಳಿಬಿಡುತ್ತಾರೆ, ಆದ್ದರಿಂದ ಟಿಕ್ ಹಾಕುವ ಅಚ್ಚಿನ ಚೀಟಿ ಕೊಡಿ, ಆರು ಪ್ರಶ್ನೆ ಸಾಕು. ಪೋಲ್ ಬಿಟ್ಟುಬಿಡಿ. ಯಾರು ಯಾವುದಕ್ಕೆ ಒತ್ತಿದರೆಂದು ಗ್ರೂಪಿನಲ್ಲಿ ಹೆಸರು ಸಮೇತ ಕಂಡರೆ ‘ಚೆನ್ನಾಗಿದೆ’ ಬಿಟ್ಟು ಬೇರೇನು ಬಂದೀತು!

‘ಬಸ್ಸು, ಕ್ಯಾಂಟೀನ್ ಚೆನ್ನಾಗಿವೆಯೇ?’ ಎಂದು ಕೇಳಿದರೆ, ಬಂದ ‘ಇಲ್ಲ’ ಯಾವುದಕ್ಕೆ? ಒಂದು ಪ್ರಶ್ನೆಗೆ ಒಂದೇ ವಿಷಯ. ‘ಕಳೆದ ವಾರ ಸಂಜೆ ಬಸ್ಸು ಎಷ್ಟು ದಿನ ತಡವಾಯಿತು?’ ಎಂದು ಕೇಳಿ, ‘ಒಂದೂ ಇಲ್ಲ’, ‘1–2 ದಿನ’, ‘3 ದಿನ ಅಥವಾ ಹೆಚ್ಚು’ ಎಂದು ಮೂರು ಚೌಕ ಕೊಡಿ. ಆ ಲೆಕ್ಕ ಹಿಡಿದು ಬಸ್ಸಿನ ಗುತ್ತಿಗೆದಾರನನ್ನು ಕೂರಿಸಿ ಮಾತಾಡಬಹುದು. ಬೋನಸ್ ವಾರದಲ್ಲಿ, ಶಿಪ್‌ಮೆಂಟ್ ಗಡಿಬಿಡಿಯಲ್ಲಿ ಕೇಳಬೇಡಿ. ಆ ದಿನದ ಸಿಟ್ಟು ಅಥವಾ ಖುಷಿಯಷ್ಟೇ ಸಿಗುತ್ತದೆ. ವಿಭಾಗವಾರು ಲೆಕ್ಕ ತೋರಿಸುವಾಗ ಐದಕ್ಕಿಂತ ಕಡಿಮೆ ಚೀಟಿ ಬಂದ ಕಡೆಯದನ್ನು ಬೇರೆ ಹಾಕಬೇಡಿ. ಇಸ್ತ್ರಿಯಲ್ಲಿ ನಾಲ್ಕೇ ಜನ ಇದ್ದರೆ ಅವರನ್ನು ಫಿನಿಶಿಂಗ್ ಜೊತೆ ಸೇರಿಸಿ.

ಪ್ರಶ್ನೆ: ಚೀಟಿಯಲ್ಲಿ ಲೈಂಗಿಕ ಕಿರುಕುಳದ ಮಾತು ಬಂದರೆ ಅದನ್ನೂ ಬೋರ್ಡಿಗೆ ಹಾಕಬೇಕೇ? (ಮೈಸೂರು)

ಉತ್ತರ: ಖಂಡಿತ ಬೇಡ. ಅಂದೇ ಲಕೋಟೆಯಲ್ಲಿಟ್ಟು, ಅಂಟಿಸಿ, ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿಯ ಅಧ್ಯಕ್ಷೆಗೆ ಕೊಡಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಜನರಿರುವ ಕಡೆಯೂ ಈ ಸಮಿತಿ ಇರಬೇಕು. ಬರೆದವರು ಯಾರೆಂದು ಹುಡುಕಲು ಹೋಗಬೇಡಿ. ಬೋರ್ಡಿನಲ್ಲಿ ಸಮಿತಿ ಸದಸ್ಯರ ಹೆಸರು, ಫೋನ್ ನಂಬರ್ ಹಾಕಿ. ಲಿಖಿತ ದೂರಿಗೆ ಘಟನೆಯಿಂದ ಮೂರು ತಿಂಗಳ ಗಡುವು ಇದೆ ಎಂಬುದನ್ನೂ ಸೇರಿಸಿ.